ಜೋಳದ ಹೊಲಕ್ಕೆ ಕಟ್ಟಿದ ಹಾಡು

ಗಿಣಿ ಓಡಿಸಲು ಜೋಳದ ಹೊಲಕ್ಕೆ ಸುತ್ತಿದ ಕ್ಯಾಸೆಟ್ ಟೇಪು ಗಾಳಿಗೆ ಗುಂಯ್ ಎನ್ನುವುದು ಕೇಳಿದರೆ, ಈ ವಯಸ್ಸಿನಲ್ಲೂ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಹೊಸೂರು ಕಡೆಯ ಬೇರಿಕೆ ಎಂಬ ಊರಿನ ಹತ್ತಿರವಿತ್ತು. ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದ ಚಿಕ್ಕಪ್ಪ ಭುಜದವರೆಗೆ ಕೂದಲು ಬಿಟ್ಟಿದ್ದ. ಅವನ ಬಳಿ ಒಂದು ಇಂಗ್ಲಿಷ್ ರಾಕ್ ಕ್ಯಾಸೆಟ್ ಇತ್ತು. ಒಂದು ಬದಿ ಪೂರ್ತಿ ಒಂದೇ ಹಾಡು.

"ಆ ಊರಾಗೆ ಎಲ್ರೂ ಒಂದೇ ತರ ಇರ್ಬೇಕಂತೆ ಕಣ್ಲಾ. ಒಬ್ಬ ಮಾತ್ರ ಆಗಲ್ಲ ಅಂತಾನೆ," ಎಂದು ಹಾಡಿನ ಕಥೆ ಹೇಳಿ, ಗಿಟಾರ್ ಬಂದಾಗ ಕಣ್ಣು ಮುಚ್ಚುತ್ತಿದ್ದ.

ಹೆಣ್ಣು ನೋಡಲು ಹೋಗುವ ಮುಂಚೆ ಕೂದಲು ತೆಗೆಸು ಎಂದರು ತಾತ. ಚಿಕ್ಕಪ್ಪ ಆಗಲ್ಲ ಎಂದು ಶಿಫ್ಟಿಗೆ ಹೋದ. ಮಧ್ಯಾಹ್ನ ತಾತ ಆ ಕ್ಯಾಸೆಟ್ಟನ್ನು ಹೊಲಕ್ಕೆ ತಂದು, ಟೇಪಿನ ತುದಿ ಎಳೆದು ನನ್ನ ಕೈಗಿಟ್ಟರು.

"ತಾತ, ಇದು ಚಿಕ್ಕಪ್ಪಂದು..."

"ಇಡ್ಕಂಡು ಓಡ್ಲಾ. ಇದ್ರಿಂದ್ಲೇ ಅವ್ನ ತಲೆ ಕೆಟ್ಟಿರೋದು. ಗಿಣಿಗಾದ್ರೂ ಬಯ ಹುಟ್ಲಿ."

ನುಣುಪಾದ ಕಂದು ಟೇಪು ಬೆರಳ ಸಂದಿಯಲ್ಲಿ ಜಾರುತ್ತಿತ್ತು. ಹೊಲದ ಸುತ್ತ ನೆಟ್ಟಿದ್ದ ಗೂಟಗಳಿಗೆ ಅದನ್ನು ಸುತ್ತುತ್ತಾ, ಗೂಟದಿಂದ ಗೂಟಕ್ಕೆ ಓಡಿದೆ. ಕೈಬಿಡಬಹುದಿತ್ತು. ತಾತ ನನ್ನನ್ನೇ ನೋಡುತ್ತಿದ್ದರು.

ಸಂಜೆ ಬಸ್ಸಿಳಿದ ಚಿಕ್ಕಪ್ಪ ಬದುವಿನ ಮೇಲೆ ಬಂದು ನಿಂತಾಗ, ನಾನಿನ್ನೂ ಕೊನೆಯ ಗೂಟಕ್ಕೆ ಗಂಟು ಹಾಕುತ್ತಿದ್ದೆ.

"ಬುಡ್ಲಾ, ನೀನೇನ್ ಮಾಡ್ತೀಯ," ಎಂದ. ಊಟದ ಡಬ್ಬಿ ನನ್ನ ಕೈಗೆ ಕೊಟ್ಟು, ನೇರವಾಗಿ ಕ್ಷೌರದ ಅಂಗಡಿಗೆ ನಡೆದ. ನಾನೂ ಹಿಂದೆ ಹೋದೆ.

"ಎಷ್ಟು ತೆಗೀಲಪ್ಪ?" ಎಂದು ಕೇಳಿದ ಅಂಗಡಿಯವನು.

ಚಿಕ್ಕಪ್ಪ ಕನ್ನಡಿಗೆ ಬೆನ್ನು ಮಾಡಿ ಕೂತಿದ್ದ.

"ನಮ್ಮಪ್ಪನ್ನ ಕೇಳಣ್ಣ," ಎಂದ.