ತೇರ್ಸಿನ ಉಳಿದರ್ಧ

ರೇಡಿಯೋ ಹಾಡಿನ ನಡುವೆಯೇ ನಿಂತುಹೋಯಿತು. ಶಿಲುಬೆಯಿದ್ದ ಆಲ್ತಾರಿನ ಮುಂದೆ ಒಬ್ಬರೇ ಮೊಣಕಾಲೂರಿದ್ದ ಕಾರ್ಮಿನ್‌ಬಾಯಿಗೆ ದೇವರೇ ಅದರ ಕಿವಿ ಹಿಂಡಿದ ಹಾಗಾಯಿತು. ತೇರ್ಸಿನ ಜಪಮಾಲೆ ಹಿಡಿದು, "ನಮಾನ್ ಮೊರಿಯೆ..." ಎಂದು ಸ್ವರ ಎತ್ತಿದರು. ಪ್ರಾರ್ಥನೆಯ ಮೊದಲರ್ಧ ಅವರದು, ಉಳಿದರ್ಧ ಮನೆಯವರದು. ಬೋಳಾರದ ಈ ಮನೆಗೆ ಸಿಲೋನ್ ರೇಡಿಯೋದ ಹಾಡು ಬಂದ ಮೇಲೆ ಆ ಉಳಿದರ್ಧ ಕೇಳಿಯೇ ಇರಲಿಲ್ಲ.

ಮಗ ಬಾಸಿಲ್ ಎದ್ದು ಬಂದು ಪಕ್ಕದಲ್ಲೇ ಮೊಣಕಾಲೂರಿದ. ಕಾರ್ಮಿನ್‌ಬಾಯಿ ಚಾಪೆಯಲ್ಲಿ ಅವನಿಗೆ ಜಾಗ ಬಿಟ್ಟು, ಕಣ್ಣು ಮುಚ್ಚಿ ಕಾದರು.

"ಮಾಂಯ್, ಇನ್ನೂ ಸ್ವಲ್ಪ ಆಚೆ ಸರಿ. ಪ್ಲಗ್ ಲೂಸ್ ಉಂಟು."

ಆಲ್ತಾರಿನಡಿಗೆ ಕೈ ಹಾಕಿ ಪ್ಲಗ್ ಒತ್ತಿದವನೇ ಎದ್ದು ಹೋದ.

ರೇಡಿಯೋದ ವಾಲ್ವ್ ಬಿಸಿಯಾಗಿ ಹಾಡು ಬರುವವರೆಗೆ ಮನೆಯೆಲ್ಲ ಮೌನ. ಆ ಮೌನದಲ್ಲಿ ಉಳಿದರ್ಧವನ್ನೂ ಕಾರ್ಮಿನ್‌ಬಾಯಿಯೇ ಹೇಳಿಕೊಂಡರು.