ಉಗುರಷ್ಟು ಬೋಲ್ಟು

ಮಗಳ ಬೈಕಿನ ಮುಂದೆ ಮಂಡಿಯೂರಿದ್ದ ಮೆಕ್ಯಾನಿಕ್‌ನ ಸ್ಪ್ಯಾನರ್ ಅಲ್ಲೇ ನಿಂತುಬಿಟ್ಟಿತು. ಬೋಲ್ಟು ಇರಬೇಕಾದ ಜಾಗದಲ್ಲಿ ಬೋಲ್ಟು ಇರಲಿಲ್ಲ.

ಕಲಿಯುವವರಿಗೆಂದೇ ಮಾಡಿದ ಈ ಪುಟ್ಟ ಸ್ಪೋರ್ಟ್ಸ್ ಬೈಕು ಮನೆಗೆ ಬಂದ ದಿನವೇ, ಎಷ್ಟು ತಿರುಗಿಸಿದರೂ ಆಕ್ಸಿಲರೇಟರ್ ಅರ್ಧಕ್ಕೆ ನಿಲ್ಲುವಂತೆ ಅವನು ಗುಟ್ಟಾಗಿ ಆ ಬೋಲ್ಟನ್ನು ಬಿಗಿದಿದ್ದ. ಹಿರಿಮಗನನ್ನು ವೇಗ ನುಂಗಿತ್ತು; ಉಳಿದವಳು ಇವಳೊಬ್ಬಳೇ. ಇವತ್ತು ಇವಳಿಗೆ ಲೈಸೆನ್ಸ್ ಸಿಕ್ಕಿತ್ತು. ಅವಳು ಒಳಗಿಂದ ಬರುವಷ್ಟರಲ್ಲಿ ಬಿಚ್ಚಿಬಿಡೋಣವೆಂದು ಕೂತಿದ್ದ. ತೂತಿನೊಳಗೆ ಬೆರಳಾಡಿಸಿದ. ತಿಂಗಳುಗಟ್ಟಲೆಯ ಧೂಳು ಜಿಡ್ಡಿನೊಂದಿಗೆ ಗಟ್ಟಿಯಾಗಿ ಕೂತಿತ್ತು.

"ಹುಡುಕ್ಬೇಡಪ್ಪಾ." ಮಗಳು ಬಾಗಿಲಲ್ಲಿ ನಿಂತಿದ್ದಳು. ಜೇಬಿನಿಂದ ಬೋಲ್ಟು ತೆಗೆದು ಅಂಗೈ ಮೇಲಿಟ್ಟು ಚಾಚಿದಳು. ದಿನವೂ ಜೇಬಿನಲ್ಲಿ ಉಜ್ಜಿ ಉಜ್ಜಿ ಅದು ಹೊಳಪಾಗಿತ್ತು. "ಏರು ಹತ್ತೋಕೆ ಬೈಕು ಒದ್ದಾಡ್ತಿತ್ತು. ಮೊದಲನೇ ವಾರನೇ ಬಿಚ್ಚಿಟ್ಟೆ. ಮೆಕ್ಯಾನಿಕ್ ಮಗಳಿಗೇ ಟೋಪಿ ಹಾಕೋಕಾಗುತ್ತಾ?"

ಅವನಿಗೆ ನಗು ಬರಲಿಲ್ಲ. "ದಿನಾ ನಿನ್ನ ಹಿಂದೇನೇ ಬರ್ತಿದ್ನಲ್ಲೇ. ಒಂದಿನಾನೂ ನಲವತ್ತು ದಾಟ್ಲಿಲ್ಲ ನೀನು."

"ಹೆಂಗೆ ದಾಟ್ಲಿ?" ಅವಳ ದನಿ ಇಳಿಯಿತು. "ಅಣ್ಣ ಹೋದ್ಮೇಲೆ ನೀನು ನೆಟ್ಟಗೆ ನಿದ್ದೆ ಮಾಡಿರ್ಲಿಲ್ಲ. ಈ ಬೋಲ್ಟು ಬಿಗಿದ್ಮೇಲೇನೇ ನೀನು ನಿದ್ದೆ ಮಾಡೋಕೆ ಶುರು ಮಾಡಿದ್ದು."

ಅವನು ಸ್ಪ್ಯಾನರನ್ನು ನೆಲಕ್ಕಿಟ್ಟ. ಬೋಲ್ಟನ್ನು ತೆಗೆದುಕೊಳ್ಳಲಿಲ್ಲ. ಗ್ರೀಸು ಮೆತ್ತಿದ ಕೈಗಳಿಂದ ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಚಿದ.