ಪುಂಡಿ ನಾರಿನ ಜಡೆ

ಮೊಮ್ಮಗಳಿಗೆ ಆಟಿಕೆ ಮಾಡಲೆಂದು ಇಂದು ಜೋಳದ ದಂಟು ಸೀಳಿದಾಗ, ಅದರ ಸಿಹಿ ವಾಸನೆಗೆ ಹಿರೋಳ್ಳಿಯ ಹೊಲದ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಚಿಕ್ಕವಳು; ಜ್ವರ ಬಂದಿತ್ತೆಂದು ನನ್ನ ತಲೆ ಬೋಳಿಸಿದ್ದರು. ಎಳ್ಳಮಾವಾಸ್ಯೆಯ ಹಬ್ಬದೂಟಕ್ಕೆ ಎಲ್ಲರೂ ಹೊಲಕ್ಕೆ ಹೊರಟರೂ ನಾನು ಒಲ್ಲೆನೆಂದು ಮೂಲೆ ಹಿಡಿದಿದ್ದೆ. ಪಕ್ಕದ ಮನೆಯ ಚಂದಮ್ಮನಿಗೆ ಮೊಣಕಾಲು ಮುಟ್ಟುವ ಜಡೆ. ನನ್ನನ್ನು ಕಂಡರೆ "ಬೋಡವ್ವ" ಎನ್ನುತ್ತಿದ್ದಳು.

ನಮ್ಮಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಹಂಚಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಹಗ್ಗ ಹೊಸೆಯಲು ಇಟ್ಟಿದ್ದ ಪುಂಡಿ ನಾರಿಗೆ ಬಳಿದಳು. ಅದನ್ನು ಚೆನ್ನಾಗಿ ಒರೆಸಿ ಜಡೆ ಹೆಣೆದಳು. ಜೋಳದ ದಂಟಿನ ಬೆಂಡನ್ನು ತೆಳ್ಳಗೆ ಕೊಯ್ದು, ಅರಿಶಿನ ಹಚ್ಚಿ ಹೂ ಮಾಡಿ, ಜಡೆಗುಂಟ ಹೊಲಿದಳು. ಕೆಂಪು ಲಾಡಿಯಿಂದ ನನ್ನ ತಲೆಗೆ ಕಟ್ಟಿ, "ಈಗ ನಡೀಬೇ. ಯಾರರ ಏನರ ಅಂದ್ರ ನನ್ನ ಹೆಸರು ಹೇಳು" ಎಂದಳು.

ಹೊಲದಲ್ಲಿ ಬೆನ್ನ ಮೇಲಿನ ಆ ಭಾರವನ್ನೇ ಸವಿಯುತ್ತ ನಿಂತಿದ್ದೆ. ಹಿಂದಿನಿಂದ ಯಾರೋ ಜಗ್ಗಿದಂತಾಗಿ ಲಾಡಿ ಕಳಚಿತು. ತಿರುಗಿದರೆ ನಮ್ಮದೇ ಆಡು, ಬಾಯಲ್ಲಿ ಇಡೀ ಜಡೆ! ಬೆಂಡಿನ ಹೂಗಳನ್ನು ಕರಕರ ಅಗಿಯುತ್ತಿತ್ತು.

"ಬೋಡವ್ವನ ಜಡಿ ಆಡು ತಿಂದದ ನೋಡ್ರೇ!" ಎಂದಳು ಊಟಕ್ಕೆ ಬಂದಿದ್ದ ಚಂದಮ್ಮ. ಹುಡುಗಿಯರೆಲ್ಲ ನಕ್ಕರು.

ನಾನು ಆಡಿನ ಬಾಯಿಂದ ಜಡೆಯನ್ನು ಕಿತ್ತುಕೊಂಡು, ಬೋಳು ತಲೆಯಲ್ಲೇ ನೆಟ್ಟಗೆ ನಿಂತೆ.

"ನಮ್ಮ ಆಯಿ ಮಾಡಿದ ಹೂವ ಇವು. ನಿನ್ನ ಜಡಿ ಅಂತೂ ಆಡು ಮೂಸಿನೂ ನೋಡಿಲ್ಲ!"

ಈ ಸಲದ ನಗು ಚಂದಮ್ಮನ ಕಡೆಗೆ ತಿರುಗಿತು. ಸ್ವಲ್ಪ ಹೊತ್ತಿಗೆ ಅವಳೇ ಬಂದು, ಉಳಿದ ಒಂದು ಹೂವನ್ನು ಬೆರಳಿನಿಂದ ಸವರಿ, "ಆಯಿ ನನಗೂ ಮಾಡಿ ಕೊಡ್ತಾಳೇನು?" ಎಂದು ಕೇಳಿದಳು.

ಮರುದಿನ ಚಂದಮ್ಮ ನಮ್ಮ ಪಡಸಾಲೆಯಲ್ಲಿ ಜಡೆ ಬಿಚ್ಚಿ ಕೂತಳು. ಆಯಿ ಹೂಗಳನ್ನೂ ಹಣಿಗೆಯನ್ನೂ ನನ್ನ ಕೈಗಿಟ್ಟು, ಚಂದಮ್ಮನಿಗೆ "ನಾ ಅಲ್ಲವ್ವ, ಇವತ್ತ ಈಕಿನ ಜಡಿ ಹಾಕ್ತಾಳ" ಎಂದಳು.